‘ಲೆಸ್’ ಎಂದವರು ದಡ್ಡರಲ್ಲ

ಎಣಿಸಬಹುದಾದ ವಸ್ತುಗಳಿಗೆ ‘ಫ್ಯೂವರ್’ ಮಾತ್ರ ಸರಿ, ‘ಲೆಸ್’ ಎಂದವರಿಗೆ ಇಂಗ್ಲಿಷೇ ಬರುವುದಿಲ್ಲ ಎಂದು ಕಳೆದ ಸಂಚಿಕೆಯ ಅಂಕಣಕಾರರು ತೀರ್ಪು ಕೊಟ್ಟಿದ್ದಾರೆ. ಇದನ್ನು ಒಪ್ಪಲಾಗದು. 1770ರಲ್ಲಿ ರಾಬರ್ಟ್ ಬೇಕರ್ ಎಂಬ ಲೇಖಕ ಇಂಗ್ಲಿಷ್ ಭಾಷೆಯ ಕುರಿತ ತನ್ನ ಪುಸ್ತಕದಲ್ಲಿ, ಎಣಿಕೆಗೆ ‘ಫ್ಯೂವರ್’ ಹೆಚ್ಚು ಒಪ್ಪುತ್ತದೆ ಎಂದು ತನಗನ್ನಿಸಿದ್ದನ್ನು ಬರೆದ. ಅಷ್ಟೇ. ಆ ಅಭಿರುಚಿಯನ್ನು ಕಟ್ಟಳೆ ಮಾಡಿದವರು ಆಮೇಲಿನವರು. ಬೇಕರನಿಗೂ ಸುಮಾರು ಒಂಬತ್ತು ಶತಮಾನ ಹಿಂದೆಯೇ ಆಂಗ್ಲೋ-ಸ್ಯಾಕ್ಸನ್ ದೊರೆ ಆಲ್‌ಫ್ರೆಡ್‌ನ ಬರಹದಲ್ಲಿ ‘ಲೆಸ್’ ಎಣಿಕೆಗೂ ಬಳಕೆಯಾಗಿದೆ.

ನೀರು, ಸಕ್ಕರೆಗೆ ‘ಲೆಸ್’ ಎನ್ನುವುದರಲ್ಲಿ ತಕರಾರಿಲ್ಲ. ಆದರೆ ‘ಲೆಸ್ ದ್ಯಾನ್ ಟೆನ್ ಮೈಲ್ಸ್’ ಎನ್ನುವಾಗ? ಮೈಲಿಯನ್ನು ಎಣಿಸಬಹುದು; ಆದರೂ ಅಲ್ಲಿ ‘ಫ್ಯೂವರ್’ ಹಾಕಿದರೆ ಇಂಗ್ಲಿಷ್ ಮನೆಮಾತಿನವರ ಕಿವಿಗೇ ಒಗ್ಗುವುದಿಲ್ಲ. ಏಕೆಂದರೆ ಮಾತು ಒಟ್ಟು ದೂರದ್ದು, ಬಿಡಿ ಮೈಲಿಗಳದ್ದಲ್ಲ. ದುಡ್ಡು, ವಯಸ್ಸಿಗೂ ಹಾಗೆಯೇ. ‘ಒನ್ ಲೆಸ್ ಥಿಂಗ್ ಟು ವರಿ ಅಬೌಟ್’ ಎಂಬುದನ್ನು ಅಂಕಣಕಾರರು ತಮ್ಮ ನಿಯಮದಂತೆ ತಿದ್ದಿ, ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ.

ಪರೀಕ್ಷೆಗೆ ಕೂರುವ ಮಕ್ಕಳಿಗೆ ‘ಫ್ಯೂವರ್ ಸ್ಟೂಡೆಂಟ್ಸ್’ ಎಂದೇ ಕಲಿಸಿ, ಅಂಕ ಉಳಿಯುತ್ತದೆ. ಆದರೆ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಸಂದರ್ಶನದಲ್ಲಿ ‘ಲೆಸ್ ಸ್ಟೂಡೆಂಟ್ಸ್’ ಎಂದರೆ, ಅಷ್ಟಕ್ಕೇ ಅವಳನ್ನು ಕೀಳಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ.