ರೀಲ್ಸ್ ಇರಲಿ, ಬ್ಲಾಗೂ ಇರಲಿ
ಈ ವಾರ ಇನ್‌ಸ್ಟಾಗ್ರಾಂನಲ್ಲಿ ಕಸೂತಿಯ ರೀಲ್ಸ್ ಒಂದನ್ನು ನೋಡಿದೆ. ಇಳಕಲ್ ಸೀರೆಯ ಮೇಲೆ ಗೋಪುರ ಮೂಡುವುದನ್ನು ಅರ್ಧ ನಿಮಿಷದಲ್ಲಿ ತೋರಿಸಿದ್ದರು. ಕೆಳಗೆ ರಾಶಿ ಲೈಕು, ಜೊತೆಗೆ ಮತ್ತೆ ಮತ್ತೆ ಒಂದೇ ಪ್ರಶ್ನೆ: ಇಷ್ಟೊಂದು ರೇಟ್ ಯಾಕೆ? ಇದಕ್ಕೆ ಉತ್ತರ ಅರ್ಧ ನಿಮಿಷದಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚುತ್ತಾರೆ. ದಾರಕ್ಕೆ ಗಂಟು ಹಾಕುವಂತಿಲ್ಲ, ಗವಂತಿ, ಮುರ್ಗಿ ಹೊಲಿಗೆಯಾದರೆ ಎರಡೂ ಬದಿ ಒಂದೇ ಥರ ಕಾಣಬೇಕು. ಎಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ಇದನ್ನೆಲ್ಲ ಫೋಟೊ ಸಮೇತ ಸ್ವಂತ ಬ್ಲಾಗಿನಲ್ಲಿ ಬರೆದಿಟ್ಟರೆ, ಎರಡು ವರ್ಷ ಬಿಟ್ಟು ಗೂಗಲ್‌ನಲ್ಲಿ ಹುಡುಕುವವರಿಗೂ ಸಿಗುತ್ತದೆ. ಸೋಷಿಯಲ್ ಮೀಡಿಯಾ ಎಂದರೆ ಜಾತ್ರೆಯಲ್ಲಿ ಹಾಕಿದ ಅಂಗಡಿ: ಜನ ಅಲ್ಲೇ ಇರುತ್ತಾರೆ, ಜಾಗ ಮಾತ್ರ ನಮ್ಮದಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಎಷ್ಟೋ ಕಲಾವಿದರು ವರ್ಷಗಟ್ಟಲೆ ಕೂಡಿಸಿಕೊಂಡ ಫಾಲೋವರ್‌ಗಳು ಬೆಳಗಾಗುವುದರೊಳಗೆ ಕೈತಪ್ಪಿದರು. ರೀಲ್ಸ್ ಬಿಡಿ ಎನ್ನುತ್ತಿಲ್ಲ, ಹೊಸ ಗಿರಾಕಿಯ ಕಣ್ಣಿಗೆ ಬೀಳುವುದು ಅಲ್ಲಿಯೇ. ಆದರೆ ನಿಮ್ಮದೇ ಹೆಸರಿನ ಡೊಮೇನ್ ಒಂದನ್ನು ಈ ತಿಂಗಳೇ ಕೊಂಡುಕೊಳ್ಳಿ, ಗಿರಾಕಿಗಳ ಫೋನ್ ನಂಬರು, ಇಮೇಲ್ ನಿಮ್ಮ ಹತ್ತಿರವೇ ಬರೆದಿಟ್ಟುಕೊಳ್ಳಿ.