ಹೊಸ ವರ್ಷ, ಹಳೇ ಸ್ಟ್ರೀಕ್ (ಭಾಗ 3)

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಕೂಡ್ಲೇ ಏನ್ ಮಾಡ್ತೀವಿ ಹೇಳ್ರಿ? ವಾಗ್ದಾನದ ಕಾರ್ಡ್ ಫೋಟೋ ತೆಗೆದು ಸ್ಟೇಟಸ್ ಇಡ್ತೀವಿ. ಹೋದ ವರ್ಷ ನಾನೂ ಇಟ್ಟಿದ್ದೆ. ಒಂದು ವರ್ಷದಾಗ ಇಡೀ ಬೈಬಲ್ ಓದ್ತೀನಿ ಅಂತ ಪಣ ಬ್ಯಾರೆ. ಫೆಬ್ರವರಿಗೆ ಯಾಜಕಕಾಂಡದಾಗ ಗಾಡಿ ನಿಂತಿತು. (ನಿಮ್ದೂ ಅಲ್ಲೇ ನಿಂತಿರತೈತಿ, ಗೊತ್ತು 😅)

ಖರೇ ಹೇಳ್ತೀನಿ, ಆ್ಯಪ್‌ನ ಸ್ಟ್ರೀಕ್ ಉಳಿಸಾಕ ಓದಿದ್ದು ನನ್ನನ್ನ ಒಂಚೂರೂ ಬೆಳೆಸಲಿಲ್ಲ. ಕಣ್ಣು ಮಂಜಾದ ಅಜ್ಜಿ ಬಾಜೂಕ ಕುಂತು "ನನಗೂ ಒಂದೀಟ ಓದಿ ಹೇಳವಾ" ಅಂದಾಗ "ನಾಳಿ ಅಜ್ಜಿ" ಅಂದಿದ್ದೆ. ಎಷ್ಟು ನಾಳಿ ಅಂದೆನೋ ಏನೋ. ಅದು ಈಗ್ಲೂ ಚುಚ್ಚತೈತಿ.

ಧಾರವಾಡದ ಕಾಲೇಜಿಗೆ ಹೆಸರಿಟ್ಟಾರಲ್ಲ, ಕಿಟೆಲ್, ಅವರು 1853ರಲ್ಲಿ ಮಿಷನರಿಯಾಗಿ ಬಂದಾಗ ವಯಸ್ಸು 21. ನಮ್ಮ ಓರಗೆ! ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. 41 ವರ್ಷ. ಪುಸ್ತಕ ಅಷ್ಟ ಅಲ್ಲ, ಮಂದಿ ಮಾತನ್ನೂ ಕೇಳಬೇಕಲ್ಲ ಅದಕ್ಕ. ವಿಶ್ವಾಸದಾಗ ಬೆಳೆಯೋದೂ ಒಬ್ಬರ ಪಕ್ಕ ಕುಂತು ಆಗೋ ಕೆಲಸ ಅಂತ ನನಗನಸ್ತೈತಿ.

ಅದಕ್ಕ ಈ ವರ್ಷದ ಪ್ಲ್ಯಾನ್ ಸಣ್ಣದು. ಕುಂದಗೋಳದ ನಮ್ಮ ಮನ್ಯಾಗ, ಊಟ ಆದ್ಮ್ಯಾಲೆ, ಮಾರ್ಕನ ಸುವಾರ್ತೆ, 16 ಅಧ್ಯಾಯ, ಅಜ್ಜಿಗೆ ಕೇಳೋಹಂಗ ಜೋರಾಗಿ. ನಿನ್ನೆ 2ನೇದು ಆತು, ಮಾಳಗಿ ಬಿಚ್ಚಿ ರೋಗಿನ್ನ ಇಳಿಸಿದ್ದು. ಅಜ್ಜಿ ಕೇಳಿದ್ರು: "ಆ ಮಾಳಗಿ ಮತ್ತ ಯಾರು ಮುಚ್ಚಿದ್ರವಾ?"

ಉತ್ತರ ಗೊತ್ತಿದ್ರ ಕಾಮೆಂಟ್ ಹಾಕ್ರಿ, ಇವತ್ತು ರಾತ್ರಿ ಹೇಳಬೇಕು 🙏