ವೈರಸ್ಸಿನ ಕತ್ತರಿ

“ಇದನ್ನು ತಿಳಿದು ಆಗಬೇಕಾದುದೇನು?” ಮೂಲಭೂತ ಸಂಶೋಧನೆಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಪದೇ ಪದೇ ಕೇಳುತ್ತೇವೆ. ಪ್ರಶ್ನೆ ಸಹಜವಾದುದೇ, ಆದರೆ ಉತ್ತರ ಕೂಡಲೇ ದೊರೆಯಬೇಕೆಂದು ಹಟ ಹಿಡಿಯುವುದು ವಿವೇಕವಲ್ಲ. ವೈರಸ್ಸುಗಳ ಪ್ರೋಟೀನುಗಳ ವೃತ್ತಾಂತವೇ ಇದಕ್ಕೆ ನಿದರ್ಶನ.

ವೈರಸ್ಸು ತಾನಾಗಿ ಪ್ರೋಟೀನನ್ನು ತಯಾರಿಸಲಾರದು. ಜೀವಕೋಶವನ್ನು ಹೊಕ್ಕು ಅದರಿಂದಲೇ ಮಾಡಿಸಿಕೊಳ್ಳುತ್ತದೆ. ಪೋಲಿಯೋ ವೈರಸ್ಸಿನ ಆರ್.ಎನ್.ಎ.ಯನ್ನು ಜೀವಕೋಶವು ಒಂದೇ ಓಟದಲ್ಲಿ ಓದಿ, ಸುಮಾರು 2,200 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರಪಳಿಯನ್ನು ಹೆಣೆಯುತ್ತದೆ. ಕತ್ತರಿಸದ ಥಾನು ಬಟ್ಟೆ ಅಂಗಿಯಾಗದಂತೆ, ಈ ಸರಪಳಿಯೂ ಇಡಿಯಾಗಿದ್ದರೆ ವೈರಸ್ಸಿನ ಕೆಲಸಕ್ಕೆ ಬಾರದು. ಆಶ್ಚರ್ಯದ ಸಂಗತಿಯೆಂದರೆ, ಕತ್ತರಿಯೂ ಈ ಬಟ್ಟೆಯಲ್ಲಿಯೇ ಅಡಗಿದೆ! ಸರಪಳಿಯ ಕೆಲವು ಭಾಗಗಳೇ ಪ್ರೋಟಿಯೇಸ್ ಎಂಬ ಕಿಣ್ವಗಳಾಗಿ ವರ್ತಿಸಿ, ಗೊತ್ತಾದ ಸ್ಥಾನಗಳಲ್ಲಿ ಅದನ್ನು ತುಂಡರಿಸುತ್ತವೆ. ಕೆಲವು ತುಂಡುಗಳು ವೈರಸ್ಸಿನ ಕವಚವಾದರೆ, ಬೇರೆ ಕೆಲವು ಅದರ ಆರ್.ಎನ್.ಎ.ಯನ್ನು ನಕಲು ಮಾಡಲು ನೆರವಾಗುತ್ತವೆ.

ಹೀಗೆ ದೊಡ್ಡ ಪ್ರೋಟೀನು ತುಂಡಾಗುವುದನ್ನು 1968ರಲ್ಲಿ ಜೇಕಬ್‌ಸನ್ ಮತ್ತು ಬಾಲ್ಟಿಮೋರ್, ಹಾಗೆಯೇ ಸಮ್ಮರ್ಸ್ ಮತ್ತು ಮೈಝೆಲ್ ತೋರಿಸಿಕೊಟ್ಟರು. ಆ ವೇಳೆಗೆ ಪೋಲಿಯೋಗೆ ಲಸಿಕೆ ಬಂದು ಹತ್ತು ವರ್ಷಗಳ ಮೇಲಾಗಿತ್ತು. ಇದರಿಂದ ಲಾಭವೇನೆಂದು ಅಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

ಉತ್ತರ ತಡವಾಗಿ ಬಂದಿತು. ಏಡ್ಸ್ ರೋಗವನ್ನು ತರುವ ಎಚ್.ಐ.ವಿ.ಗೂ ಇಂಥದೇ ಕತ್ತರಿಯಿದೆ. ಅದನ್ನು ಕೆಡಿಸಿದರೆ ಹುಟ್ಟುವ ವೈರಸ್ ಕಣಗಳು ಅಪಕ್ವವಾಗಿ ಉಳಿದು ಸೋಂಕನ್ನುಂಟುಮಾಡಲಾರವೆಂಬುದು 1988ರಲ್ಲಿ ಪ್ರಯೋಗದಿಂದ ಸಿದ್ಧವಾಯಿತು. ಆ ಕತ್ತರಿಯ ಬಾಯಿಗೆ ಸಿಲುಕಿ ಅದನ್ನು ನಿಲ್ಲಿಸುವ ಸಾಕ್ವಿನಾವಿರ್ ಎಂಬ ಔಷಧಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂಥ ಔಷಧಗಳನ್ನು ಬೇರೆ ಔಷಧಗಳೊಡನೆ ಕೂಡಿಸಿ ಕೊಡತೊಡಗಿದ ಮೇಲೆ ಅಲ್ಲಿ ಏಡ್ಸ್ ಮರಣಗಳು ತೀವ್ರವಾಗಿ ಇಳಿದವು.

ಆದರೂ ನಾವು ಪಾಠವನ್ನು ಪೂರ್ಣವಾಗಿ ಕಲಿತೆವೆನ್ನಲಾಗದು. 2003ರಲ್ಲಿ ಸಾರ್ಸ್ ರೋಗ ಹಬ್ಬಿದಾಗ ಔಷಧ ಕಂಪನಿಯೊಂದು ಆ ವೈರಸ್ಸಿನ ಕತ್ತರಿಯನ್ನು ತಡೆಯುವ ರಾಸಾಯನಿಕವನ್ನು ರೂಪಿಸಿತು. ರೋಗ ಅಡಗಿತು, ಕೆಲಸವೂ ನಿಂತಿತು. 2020ರಲ್ಲಿ ಕೋವಿಡ್ ಹಬ್ಬಿದಾಗ ನೋಡಿದರೆ, ಹೊಸ ವೈರಸ್ಸಿನ ಮುಖ್ಯ ಕತ್ತರಿಯು ಹಳೆಯದಕ್ಕೆ ನೂರಕ್ಕೆ ಸುಮಾರು 96ರಷ್ಟು ಸಮನಾಗಿತ್ತು! ಹಳೆಯ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡುದರ ಫಲವಾಗಿ ನಿರ್ಮಾಟ್ರೆಲ್ವಿರ್ ಗುಳಿಗೆ ಸಿದ್ಧವಾಗಿ, 2021ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತುರ್ತು ಬಳಕೆಗೆ ಬಂದಿತು. ಅಷ್ಟರಲ್ಲಿ ಲಕ್ಷಾಂತರ ಜನ ಮಡಿದಿದ್ದರು.

ರೋಗಿಗಳೇ ಇಲ್ಲದ ರೋಗಕ್ಕೆ ಕಂಪನಿಯು ಹಣ ತೊಡಗಿಸಲಾರದು. ಅದನ್ನು ದೂರಿ ಫಲವಿಲ್ಲ. ಆದುದರಿಂದಲೇ ಈ ಹೊಣೆ ಸರಕಾರಗಳ ಹಾಗೂ ವಿಶ್ವವಿದ್ಯಾನಿಲಯಗಳ ಮೇಲಿದೆಯೆಂದು ನಾವು ಹೇಳುತ್ತೇವೆ. ಪಿಡುಗು ಅಡಗಿದ ವರ್ಷಗಳಲ್ಲಿಯೂ ಪ್ರಯೋಗಶಾಲೆಯ ದೀಪ ಆರಬಾರದು. ಇಂದು ಪಾಠಶಾಲೆಯಲ್ಲಿರುವ ತರುಣರು ನಾಳೆ ಆ ದೀಪಕ್ಕೆ ಎಣ್ಣೆ ಎರೆಯಬೇಕಾದವರು. “ಇದರಿಂದ ಲಾಭವೇನು?” ಎಂದು ಕೇಳುವ ಮುನ್ನ “ಇದು ಹೇಗೆ ನಡೆಯುತ್ತದೆ?” ಎಂದು ಕೇಳುವ ಅಭ್ಯಾಸವನ್ನು ಅವರು ಬೆಳೆಸಿಕೊಳ್ಳಲಿ.